ಮೈಕಕ್ಕನ ಮನೆಗೆ ಜೋಡಿ ಗಾಜು

ಮೂರನೇ ಮಹಡಿಯ ಬೀದಿ ಕಡೆಯ ಕಿಟಕಿಯಲ್ಲಿ ಕೂತು ಹೊಲಿಗೆ ಮಿಷನ್ ತುಳಿಯುತ್ತಿದ್ದ ಹೆಂಗಸಿಗೆ ಹೆಸರು ಅಂತ ಒಂದು ಇತ್ತು. ಆದರೆ ಅದು ಅವಳಿಗೇ ಮರೆತುಹೋಗುವ ಮಟ್ಟಕ್ಕೆ ಬಂದಿತ್ತು. ಎದುರಿಗೆ ಎಲ್ಲರೂ ‘ಅಕ್ಕಾ’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಮೈಕಕ್ಕ’ ಅನ್ನುತ್ತಿದ್ದರು. ಬೆನ್ನ ಹಿಂದಿನ ಹೆಸರೂ ಅವಳಿಗೆ ಗೊತ್ತಿತ್ತು, ಅದರ ಬಗ್ಗೆ ಬೇಸರವೇನೂ ಇರಲಿಲ್ಲ. ಕರೆಂಟಿಲ್ಲದೆ ನಡೆಯುವ ಮೈಕು ಎಷ್ಟು ಜನರ ಗಂಟಲಲ್ಲಿರುತ್ತದೆ, ನೀವೇ ಹೇಳಿ.

ಆ ಗಂಟಲು ತವರಿನ ಬಳುವಳಿ. ಅಪ್ಪ ಹಿಟ್ಟಿನ ಗಿರಣಿ ಇಟ್ಟಿದ್ದ. ಗಿರಣಿಯ ಹಿಂದುಗಡೆಯ ಎರಡು ಕೋಣೆಯೇ ಮನೆ. ಬೆಳಗಿನಿಂದ ಸಂಜೆತನಕ ಕಲ್ಲು ತಿರುಗುವ ಸದ್ದು, ಬೆಲ್ಟು ಬಡಿಯುವ ಸದ್ದು. ಉಪ್ಪು ಬೇಕೆಂದರೂ ಕೂಗಬೇಕು, ಹೊಟ್ಟೆನೋವೆಂದರೂ ಕೂಗಬೇಕು. ಗುಟ್ಟು ಹೇಳಬೇಕಾದರೆ ಗಿರಣಿ ನಿಲ್ಲಿಸಬೇಕು. ಗಿರಣಿ ನಿಂತರೆ ಒಳಗೆ ಏನೋ ಗುಟ್ಟು ನಡೆದಿದೆ ಅಂತ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಆ ಮನೆಯವರು ಗುಟ್ಟು ಇಟ್ಟುಕೊಳ್ಳುವ ಉಸಾಬರಿಗೇ ಹೋಗಲಿಲ್ಲ.

ಇಂಥವಳಿಗೆ ಗಂಟುಬಿದ್ದ ಗಂಡ ಯಾರು ಅಂತೀರಿ? ಲೈಬ್ರರಿಯಲ್ಲಿ ಕೆಲಸ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಉಳಿದ ಹೊತ್ತೆಲ್ಲ ತುಟಿಯ ಮೇಲೆ ಬೆರಳಿಟ್ಟು ‘ಶ್ಶ್’ ಅನ್ನುವುದು. ಓದಲು ಬರುತ್ತಿದ್ದ ಹುಡುಗರು ಅವರಿಗೆ ‘ಶ್ಶ್ ಸಾರ್’ ಅಂತಲೇ ನಾಮಕರಣ ಮಾಡಿದ್ದರು. ಆ ಮನುಷ್ಯ ಸೀನುವಾಗಲೂ ಮೊದಲು ಹೊರಗೆ ಹೋಗಿ, ಸೀನಿ, ಒಳಗೆ ಬರುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅವರು ಏನಾದರೂ ಹೇಳಿದರೆ ಇವಳು “ಆಂ?” ಅನ್ನುತ್ತಿದ್ದಳು, ಇವಳು ಏನಾದರೂ ಹೇಳಿದರೆ ಅವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಹಾಗೇ ಸಂಸಾರ ಸಾಗಿತು, ಒಬ್ಬಳು ಮಗಳೂ ಹುಟ್ಟಿದಳು. ಅಷ್ಟರಮಟ್ಟಿಗೆ ಮಾತಿನ ಅಗತ್ಯ ಬೀಳಲಿಲ್ಲ ಅಂತ ಕಾಣುತ್ತದೆ.

ಮೈಕಕ್ಕನ ಕಸುಬು ಆಲ್ಟ್ರೇಷನ್. ಹೊಸ ಬಟ್ಟೆ ಹೊಲಿಯುವವಳಲ್ಲ. ಪ್ಯಾಂಟಿನ ಕಾಲು ಕಿರಿದು ಮಾಡುವುದು, ಸೊಂಟ ಬಿಡಿಸುವುದು, ಜಿಪ್ಪು ಬದಲಿಸುವುದು, ಹರಿದ ಜೇಬಿಗೆ ಹೊಸದು ಹಾಕುವುದು. ಮಂಡಿನೋವಿನವಳು, ಮೂರು ಮಹಡಿ ಇಳಿದು ಹತ್ತುವ ಮಾತೇ ಇಲ್ಲ. ಲಿಫ್ಟು ಕೆಲಸ ಮಾಡಿದ ದಿನ ಜನ ಹೆದರಿ ಮೆಟ್ಟಿಲು ಹತ್ತುತ್ತಿದ್ದರು. ಅದಕ್ಕೇ ವ್ಯಾಪಾರವೆಲ್ಲ ಕಿಟಕಿಯಲ್ಲಿ. ಕೆಳಗೆ ಬಸ್ ಸ್ಟಾಪು, ಅದರ ಪಕ್ಕದಲ್ಲಿ ಪೇಪರ್ ಅಂಗಡಿ. ಗಿರಾಕಿ ಅಂಗಡಿಯ ಮುಂದೆ ನಿಂತು, ಕತ್ತೆತ್ತಿ “ಅಕ್ಕಾ!” ಅಂತ ಕೂಗಬೇಕು. ಮೇಲಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯುತ್ತದೆ. ಬಟ್ಟೆ ಹಾಕಬೇಕು. ಆಮೇಲೆ ಮಾತುಕತೆ.

“ಏನಪ್ಪಾ, ಸೊಂಟ ಮತ್ತೆ ಬಿಡಿಸ್ಬೇಕಾ?”

“ಸ್ವಲ್ಪ ಅಕ್ಕಾ, ಸ್ವಲ್ಪ ಮೆತ್ತಗೆ ಮಾತಾಡಿ...”

“ಸ್ವಲ್ಪ ಅಂದ್ರೆ? ಹೋದ ಸಲ ಬಿಡಿಸಿದ್ದೇ ಕೊನೆ ಬಟ್ಟೆ. ಇನ್ನು ಬಿಡಿಸೋಕೆ ಪ್ಯಾಂಟಲ್ಲಿ ಏನೂ ಉಳಿದಿಲ್ಲ, ನೀನೇ ಊಟ ಬಿಡ್ಬೇಕು!”

ಬಸ್ ಸ್ಟಾಪಿನಲ್ಲಿ ನಿಂತವರೆಲ್ಲ ಅವನ ಸೊಂಟ ನೋಡುತ್ತಿದ್ದರು. ಬಸ್ಸು ಬಂದರೂ ಕೆಲವರು ಹತ್ತುತ್ತಿರಲಿಲ್ಲ, ಮುಂದಿನ ಗಿರಾಕಿಯದ್ದು ಕೇಳಿಕೊಂಡೇ ಹೋಗೋಣ ಅಂತ. ಆ ಬೀದಿಯಲ್ಲಿ ಯಾರು ದಪ್ಪಗಾದರು, ಯಾರು ಕೆಲಸದ ಸಂದರ್ಶನಕ್ಕೆ ಅಣ್ಣನ ಕೋಟು ಕಿರಿದು ಮಾಡಿಸಿಕೊಂಡರು, ಯಾರ ಪ್ಯಾಂಟಿನ ಹಿಂಭಾಗ ಎಷ್ಟನೇ ಸಲ ಹರಿಯಿತು, ಎಲ್ಲವೂ ಬಹಿರಂಗ. ಇಷ್ಟು ಮಾನ ಕಳೆದರೂ ಜನ ಬೇರೆ ಟೈಲರ್ ಹತ್ತಿರ ಹೋಗಲಿಲ್ಲ. ಹೊಲಿಗೆ ಚೆನ್ನಾಗಿತ್ತು ಅನ್ನುವುದು ಒಂದು ಕಾರಣ. ತಮ್ಮನ್ನು ಕೂಗಿ ವಿಚಾರಿಸಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ ಅನ್ನುವುದು ಇನ್ನೊಂದು.

ಯಜಮಾನರು ಕೆಲಸದಲ್ಲಿದ್ದಷ್ಟು ದಿನ ಇದೆಲ್ಲ ನಡೆಯಿತು. ಅವರು ಲೈಬ್ರರಿಗೆ ಹೋದ ಮೇಲೆ ಬುಟ್ಟಿ ಇಳಿಯುತ್ತಿತ್ತು, ಬರುವ ಹೊತ್ತಿಗೆ ಬುಟ್ಟಿ ಮೇಲೆ. ನಿವೃತ್ತಿಯಾದದ್ದೇ ಶುರುವಾಯಿತು ತಾಪತ್ರಯ. ಹಾಲಿನಲ್ಲಿ ಕುರ್ಚಿ ಹಾಕಿಕೊಂಡು ದಪ್ಪ ಪುಸ್ತಕ ತೆರೆಯುವರು. ಹೊರಗೆ ಬಸ್ಸಿನ ಹಾರನ್ನು. ಒಳಗೆ “ಏನಪ್ಪಾ, ಜಿಪ್ಪು ಹೋಯ್ತಾ!” ಒಂದೇ ಪುಟದ ಮೊದಲ ಸಾಲನ್ನು ಬೆಳಗಿನಿಂದ ಓದಿ, ಮಧ್ಯಾಹ್ನದ ಹೊತ್ತಿಗೆ ಪುಸ್ತಕ ಮುಚ್ಚಿ, ಗೋಡೆ ನೋಡುತ್ತ ಕೂರುವರು. ನಡುನಡುವೆ ಹಳೆ ಚಾಳಿಯಂತೆ ‘ಶ್ಶ್’. ಮೈಕಕ್ಕನಿಗೆ ಆ ಸದ್ದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಕುಕ್ಕರಿನ ಸೀಟಿಯನ್ನಾದರೂ ಸಹಿಸಬಹುದು, ಅದು ಊಟಕ್ಕಾದರೂ ಬರುತ್ತದೆ.

ಅಷ್ಟರಲ್ಲಿ ಕಿಟಕಿಯೇ ಕೈಕೊಟ್ಟಿತು. ಹಳೆ ಮರದ ಚೌಕಟ್ಟು, ಒಂದು ಕದ ಮುಚ್ಚಲು ಬರುತ್ತಿರಲಿಲ್ಲ, ಇನ್ನೊಂದು ತೆರೆಯಲು ಬರುತ್ತಿರಲಿಲ್ಲ. ಸಂದಿಗಳಿಗೆ ಹಳೆ ಪ್ಯಾಂಟಿನ ತುಂಡು ತುರುಕಿ ಇಟ್ಟಿದ್ದಳು. ಒಂದು ದಿನ ಬುಟ್ಟಿ ಎಳೆಯುವಾಗ ಹಗ್ಗ ಸಿಕ್ಕಿ, ಗಾಜು ಕಿತ್ತುಕೊಂಡು ಹೋಗಿ, ಕೆಳಗೆ ನಿಂತಿದ್ದ ಬಸ್ಸಿನ ತಲೆಯ ಮೇಲೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಬಸ್ಸು ಗಾಜನ್ನು ಹೊತ್ತುಕೊಂಡೇ ಮುಂದಿನ ಸ್ಟಾಪಿಗೆ ಹೋಯಿತು. ಆದರೆ ಕಟ್ಟಡದ ಸಂಘದವರು ಮೇಲೆ ಬಂದು, ಕಿಟಕಿ ಬಾಗಿಲು ಬದಲಿಸಲೇಬೇಕು ಅಂತ ಕಟ್ಟುನಿಟ್ಟಾಗಿ ಹೇಳಿ ಹೋದರು.

ಯಜಮಾನರ ಮುಖದಲ್ಲಿ ಎಷ್ಟೋ ವರ್ಷಗಳ ಮೇಲೆ ಕಳೆ ಬಂತು. ಮಗಳಿಗೆ ಫೋನು ಹೋಯಿತು. ಮಗಳು ಬಂದಳು, ಜೊತೆಗೆ ಕಿಟಕಿ ಬಾಗಿಲುಗಳ ಬಣ್ಣಬಣ್ಣದ ಚಿತ್ರದ ಪುಸ್ತಕಗಳೂ ಬಂದವು.

“ಅಪ್ಪಾ, ಡಬಲ್ ಗ್ಲಾಸ್ ಹಾಕ್ಸಿ. ಎರಡು ಗಾಜು, ಮಧ್ಯೆ ಜಾಗ. ಸದ್ದು ಒಳಗೆ ಬರಲ್ಲ, ಧೂಳು ಬರಲ್ಲ, ಬಿಸಿಲು ಬರಲ್ಲ.”

“ಮನುಷ್ಯರು ಬರ್ತಾರಾ?” ಅಂದಳು ಮೈಕಕ್ಕ.

“ಬಾಗಿಲೂ ಬದಲಾಯಿಸೋಣಮ್ಮ. ಬಾಲ್ಕನಿಗೆ ಗಾಜಿನ ಬಾಗಿಲು, ಮುಂದಿನ ಬಾಗಿಲಿಗೆ ಸುತ್ತ ರಬ್ಬರ್ ಪಟ್ಟಿ. ಮುಚ್ಚಿದ್ರೆ ಮುಚ್ಚಿದ ಹಾಗೆ.”

ಚಿತ್ರದ ಪುಸ್ತಕ ಓದಿದ್ದು ಯಜಮಾನರು. ಅವರು ಏನನ್ನೇ ಆದರೂ ಓದುವುದು ಅಡಿಟಿಪ್ಪಣಿಯ ಸಮೇತ. ಹಾಗೆ ಓದಿ, ಒಂದು ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ ಹೆಂಡತಿಯ ಮುಂದೆ ಹಿಡಿದರು. ತೆರೆಯುವ ಕಿಟಕಿ ಎಷ್ಟೇ ಗಟ್ಟಿ ಮುಚ್ಚಿದರೂ ಸ್ವಲ್ಪ ಸದ್ದು ನುಸುಳುತ್ತದೆ, ತೆರೆಯಲು ಬಾರದಂತೆ ಪೂರ್ತಿ ಕೂರಿಸಿದ ಗಾಜಿನಿಂದ ಅದೂ ಇಲ್ಲ ಅಂತ ಅಲ್ಲಿ ಬರೆದಿತ್ತು.

“ಬೀದಿ ಕಡೆಗೆ ತೆರೆಯದ ಗಾಜು,” ಅಂದರು, ಎಂದಿನ ಪಿಸುದನಿಯಲ್ಲಿ. “ಗಾಳಿಗೆ ಹಿಂದಿನ ಕಿಟಕಿ ಇದ್ದೇ ಇದೆಯಲ್ಲ.”

“ಆಂ?”

ಕೇಳಿಸದೆ ಅಂದದ್ದಲ್ಲ. ಚೆನ್ನಾಗಿ ಕೇಳಿಸಿತ್ತು.

“ಮತ್ತೆ ನನ್ನ ಬುಟ್ಟಿ?”

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಅಂತ ಅವಳಿಗೆ ತಿಳಿಯಿತು. ಮಗಳು ಮೆಲ್ಲಗೆ ಬೆಣ್ಣೆ ಹಚ್ಚಲು ಶುರುಮಾಡಿದಳು. “ಎಷ್ಟು ದಿನ ಅಂತ ದುಡೀತೀಯಮ್ಮಾ? ಬೇಕಂದ್ರೆ ಗಿರಾಕಿಗಳು ಫೋನ್ ಮಾಡ್ತಾರೆ. ಫೋಟೋ ಕಳಿಸ್ತಾರೆ. ಅಪ್ಪ ಕೆಳಗೆ ಹೋಗಿ ಬಟ್ಟೆ ತರ್ತಾರೆ. ಕೂಗಾಟ ಇರಲ್ಲ.”

“ಹರಿದ ಪ್ಯಾಂಟಿನ ಫೋಟೋ ನೋಡ್ಕೊಂಡು ಕೂರ್ಲಾ ನಾನು?”

ಅವತ್ತು ಜಗಳವಾಗಲಿಲ್ಲ. ಜಗಳವಾಗಿದ್ದರೆ ಚೆನ್ನಾಗಿತ್ತು. ಗಂಡನ ಕೈಯಲ್ಲಿ ಆ ಪುಸ್ತಕ, ಮುಖದಲ್ಲಿ ಆಸೆಗಣ್ಣು. ಜೀವಮಾನವಿಡೀ ಬೇರೆಯವರ ಓದಿಗೆ ಕಾವಲು ಕಾದ ಮನುಷ್ಯ, ಈಗ ತಾನು ಓದಬೇಕು ಅನ್ನುತ್ತಾನೆ. ಬೇಡ ಅನ್ನಲು ಬಾಯಿ ಬರಲಿಲ್ಲ. ಬಾಯಿ ಬರಲಿಲ್ಲ ಅನ್ನುವುದು ಅವಳ ವಿಷಯದಲ್ಲಿ ಸಣ್ಣ ಸಂಗತಿಯಲ್ಲ. ಆದರೆ ರಾತ್ರಿ ಮಗ್ಗುಲಾದಾಗ ಒಂದು ಅನುಮಾನ ತಲೆಯೊಳಗೆ ಹೊಕ್ಕು ಕೂತಿತು. ಇವರು ಹೊರಗಿಡಬೇಕು ಅಂತಿರುವುದು ಬಸ್ಸಿನ ಸದ್ದನ್ನೋ, ನನ್ನ ಸದ್ದನ್ನೋ? ಬಸ್ಸು ಇಷ್ಟು ವರ್ಷದಿಂದಲೂ ಇತ್ತಲ್ಲ.

ಕಿಟಕಿ ಅಂಗಡಿಗೆ ಇಬ್ಬರೂ ಆಟೋದಲ್ಲಿ ಹೋದರು. ಅಂಗಡಿಯ ತುಂಬ ಗೋಡೆಯಿಲ್ಲದ ಕಿಟಕಿಗಳು, ಮನೆಯಿಲ್ಲದ ಬಾಗಿಲುಗಳು. ಟೈ ಕಟ್ಟಿದ ಒಬ್ಬ ಯುವಕ ಓಡಿ ಬಂದು, ಕುರ್ಚಿ ಹಾಕಿ, ಕಾಫಿ ಕೊಟ್ಟು, ಗಾಜಿನ ಒಂದು ಕತ್ತರಿಸಿದ ಮೂಲೆಯನ್ನು ಅವರ ತೊಡೆಯ ಮೇಲಿಟ್ಟ.

“ನೋಡಿ ಮೇಡಂ, ಎರಡು ಗಾಜು. ಮಧ್ಯದಲ್ಲಿ ಗ್ಯಾಸ್ ಇದೆ. ಅದೇ ಸದ್ದನ್ನ ತಡೆಯೋದು.”

“ಗ್ಯಾಸ್ ನಮ್ಮನೆಯವರಿಗೂ ಇದೆಯಪ್ಪ,” ಅಂದಳು ಮೈಕಕ್ಕ. “ಸದ್ದೇನೂ ತಡೆಯಲ್ಲ.”

ಅಂಗಡಿಯ ಆ ತುದಿಯಲ್ಲಿ ಬಾಲ್ಕನಿ ಬಾಗಿಲು ನೋಡುತ್ತಿದ್ದ ಇನ್ನೊಂದು ಜೋಡಿ ಕಿಸಕ್ಕೆಂದಿತು. ಯಜಮಾನರು ‘ಶ್ಶ್’ ಅಂದರು. ಟೈ ಕಟ್ಟಿದ ಯುವಕ ಎದ್ದು, ಮೂಲೆಯಲ್ಲಿದ್ದ ಒಂದು ಪೆಟ್ಟಿಗೆಯಂಥ ಕೋಣೆಯ ಹತ್ತಿರ ಕರೆದೊಯ್ದ. ಅದಕ್ಕೊಂದು ಜೋಡಿ ಗಾಜಿನ ಕಿಟಕಿ. ಕೋಣೆಯ ಒಳಗೆ ಸ್ಪೀಕರು. ಅದು ಬೀದಿ ಅಂತ ಲೆಕ್ಕ. ಹೊರಗೆ ನಿಂತವರು ಮನೆಯೊಳಗಿದ್ದಾರೆ ಅಂತ ಲೆಕ್ಕ. ಸ್ಪೀಕರಿನಲ್ಲಿ ಬಸ್ಸು, ಲಾರಿ, ನಾಯಿ ಎಲ್ಲ ಅರಚಿದವು. ಟೈ ಕಿಟಕಿ ಮುಚ್ಚಿ ಹಿಡಿ ತಿರುಗಿಸಿದ. ಎಲ್ಲ ಸತ್ತಂತೆ ಸುಮ್ಮನಾದವು.

“ಹಿಡಿ ಕೆಳಗಿದ್ರೆ ಬೀಗ ಸಾರ್. ಅಡ್ಡ ತಿರುಗಿಸಿದ್ರೆ ಬಾಗಿಲಿನ ಥರ ತೆರೆಯುತ್ತೆ. ಮೇಲಕ್ಕೆ ತಿರುಗಿಸಿದ್ರೆ ತಲೆ ಮಾತ್ರ ನಮ್ಮ ಕಡೆ ಸ್ವಲ್ಪ ವಾಲುತ್ತೆ, ಗಾಳಿ ಆಡೋಕೆ.”

ಯಜಮಾನರು ತಲೆದೂಗಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಟೈಯ ಕಿವಿಯಲ್ಲಿ ಏನೋ ಅಂದರು. ಟೈ ಕಕ್ಕಾಬಿಕ್ಕಿಯಾದ.

“ಮೇಡಂ... ಸಾರ್ ಹೇಳ್ತಿದ್ದಾರೆ, ಸ್ಪೀಕರು ಸಾಲದಂತೆ. ನೀವು ಒಳಗೆ ಹೋಗಿ ಸ್ವಲ್ಪ ಮಾತಾಡ್ಬೇಕಂತೆ.”

ಅಂದರೆ ಅನುಮಾನ ನಿಜ. ತನ್ನ ಹೆಂಡತಿಯನ್ನು ತಡೆಯುವ ಕಿಟಕಿ ಬೇಕು ಇವರಿಗೆ! ಮೈಕಕ್ಕನ ಮುಖ ಕೆಂಪಾಯಿತು. ಆದರೂ ಹೋದಳು. ಹಿಡಿದ ಹಟಕ್ಕೆ ಹೋದಳು. ಸ್ಪೀಕರು ಆರಿಸಿ, ಪಕ್ಕದ ಪುಟ್ಟ ಬಾಗಿಲಿಂದ ಅವಳನ್ನು ಒಳಗೆ ಬಿಟ್ಟು, ಟೈ ಬಾಗಿಲು ಹಾಕಿ, ಕಿಟಕಿಯ ಹಿಡಿ ತಿರುಗಿಸಿ, ಮಾತಾಡಿ ಅಂತ ಕೈಸನ್ನೆ ಮಾಡಿದ.

“ಕೇಳಿಸ್ತಾ?” ಅಂತ ಕೂಗಿದಳು, ಬೀದಿಗೆ ಕೂಗುವ ಹಾಗೆಯೇ.

ಹೊರಗೆ ನಿಂತವರು ಇಲ್ಲ ಅಂತ ತಲೆಯಾಡಿಸಿದರು. ಯಜಮಾನರಿಗೆ ಅಷ್ಟಕ್ಕೇ ತೃಪ್ತಿಯಿಲ್ಲ. ಯಾವ ಪುಸ್ತಕವನ್ನೂ ತಾವೇ ಮುಟ್ಟಿ ನೋಡದೆ ಕಪಾಟಿಗೆ ಸೇರಿಸದ ಮನುಷ್ಯ. ತಾವೇ ಮುಂದೆ ಬಂದು ಹಿಡಿಯನ್ನು ತಿರುಗಿಸಿದರು, ಕಿಟಕಿ ತೆರೆದರು, ಮುಚ್ಚಿದರು, ಮತ್ತೆ ತಿರುಗಿಸಿದರು, ಒಂದು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತರು.

ಒಳಗಿದ್ದವಳಿಗೆ ಆಗ ಒಂದು ವಿಷಯ ಹೊಳೆಯಿತು. ತಾನು ಏನು ಬೇಕಾದರೂ ಅನ್ನಬಹುದು. ಬಾಯಿತುಂಬ ಅನ್ನಬಹುದು. ಹುಟ್ಟಿದಾಗಿನಿಂದ ಅವಳು ಬಾಯಿಬಿಟ್ಟರೆ ಬೀದಿಗೆಲ್ಲ ಕೇಳುತ್ತಿತ್ತು. ಅದಕ್ಕೇ ಪ್ಯಾಂಟು, ಜಿಪ್ಪು, ಸೊಂಟದ ಮಾತುಗಳಷ್ಟೇ ಹೊರಗೆ ಬರುತ್ತಿದ್ದವು. ಮಿಕ್ಕವೆಲ್ಲ ಒಳಗೇ ಉಳಿದಿದ್ದವು. ಈಗ ಗಂಡ ಎದುರಿಗೇ ನಿಂತಿದ್ದಾನೆ, ಕೇಳಿಸುವುದಿಲ್ಲ.

“ಶ್ಶ್ ಅಂತೀರಲ್ಲ,” ಅಂದಳು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು. “ನಾನೇನು ನಿಮ್ಮ ಲೈಬ್ರರಿ ಹುಡುಗನಾ? ಹೆರಿಗೆ ನೋವಲ್ಲಿ ಕಿರುಚಿದ್ರೂ ಶ್ಶ್ ಅಂದವರು ನೀವು! ಡಾಕ್ಟರಮ್ಮ ನಿಮ್ಮನ್ನ ಹೊರಗೆ ದಬ್ಬಿದ್ರು, ನೆನಪಿದೆಯಾ? ನಿಮ್ಮ ಪುಸ್ತಕ ಮಾತಾಡುತ್ತಂತೆ, ನೀವೇ ಹೇಳಿದ್ರಿ. ಅದರ ಮಾತು ಮಾತು, ನಂದು ಗಲಾಟೆ!”

ಕಣ್ಣು ಬಿಟ್ಟು ಉಸಿರು ತೆಗೆದುಕೊಂಡಳು. ಹೊರಗೆ ಯಾರೂ ಮಿಸುಕಲಿಲ್ಲ. ಒಳ್ಳೆಯದೇ ಆಯಿತು ಅಂತ ಮುಂದುವರಿಸಿದಳು.

“ಗಾಜು ಹಾಕ್ಸಿ, ಬೇಡ ಅನ್ನಲ್ಲ. ಆದ್ರೆ ಅದು ತೆರೆಯದೇ ಇದ್ರೆ ನನ್ನನ್ನ ಯಾರ್ರೀ ಕರೀತಾರೆ? ಕೆಳಗಿಂದ ಅಕ್ಕಾ ಅಂತ ಕೂಗ್ತಾರಲ್ಲ, ಅದನ್ನ ಕೇಳೋಕೆ ಅಂತಲೇ ನಾನು ಬೆಳಿಗ್ಗೆ ಏಳೋದು. ಇಲ್ದಿದ್ರೆ ಈ ಮಂಡಿ ಇಟ್ಕೊಂಡು ಯಾಕೆ ಏಳ್ಬೇಕು? ನೀವು ಕರೀತೀರಾ? ಏ, ನೋಡು, ಇಲ್ಲಿ, ಬಂತು, ಹೋಯ್ತು. ಇದೇ ನೀವು ನನ್ನ ಕರೆಯೋದು. ನಮ್ಮಪ್ಪ ಇಟ್ಟ ಹೆಸರಿದೆ ರೀ ನಂಗೆ. ಗಿರಣಿ ಸದ್ದಿನ ಮೇಲೆ ಕೂಗ್ತಿದ್ದ ಅವನು, ಬೀದಿ ಕೊನೆಗೆ ಕೇಳ್ತಿತ್ತು. ಮದುವೆಯಾದ ಮೇಲೆ ಅದು ನಿಂತೋಯ್ತು. ಒಂದು ಸಲ, ಒಂದೇ ಒಂದು ಸಲ, ನೀವು ನನ್ನ ಹೆಸರು ಹಿಡಿದು ಗಟ್ಟಿಯಾಗಿ ಕರೆದಿದ್ರೆ, ನಾನೇ ಆ ಹಾಳು ಕಿಟಕಿಗೆ ಮೊಳೆ ಹೊಡೀತಿದ್ದೆ.”

ಕಣ್ಣಿನ ಮೂಲೆ ಒದ್ದೆಯಾಗಿತ್ತು, ಸೆರಗಿನಿಂದ ಒರೆಸಿಕೊಂಡು, ಏನೂ ಆಗದವಳಂತೆ ಪುಟ್ಟ ಬಾಗಿಲಿಂದ ಹೊರಗೆ ಬಂದಳು. ಟೈ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಬಾಲ್ಕನಿ ಬಾಗಿಲಿನ ಜೋಡಿಯ ಹೆಂಗಸು ಇವಳತ್ತ ಒಂದು ಥರ ನೋಡಿ, ತನ್ನ ಗಂಡನ ತೋಳು ಚಿವುಟಿದಳು.

“ಹೇಗಿದೆ?” ಅಂದಳು ಮೈಕಕ್ಕ.

“ಏನೂ ಕೇಳಿಸಲಿಲ್ಲ,” ಅಂದರು ಯಜಮಾನರು. ಕಿಟಕಿಗೆ ಬೆನ್ನುಕೊಟ್ಟು, ಕೈ ಹಿಂದೆ ಕಟ್ಟಿ ನಿಂತಿದ್ದರು.

“ಹಾಗಾದ್ರೆ ನಿಮ್ಮ ತೆರೆಯದ ಗಾಜನ್ನೇ ಹಾಕ್ಸಿ,” ಅಂದು ಮುಂದೆ ಹೋಗಿ ಆಟೋ ಕೂಗಿದಳು. ಬೀದಿಯ ಆ ಕಡೆ ಹೋಗುತ್ತಿದ್ದ ಆಟೋ ಗಕ್ಕನೆ ನಿಂತಿತು. ಉಳಿದ ಮಾತೆಲ್ಲ, ಯಾವ ಬಣ್ಣ, ಯಾವ ಹಿಡಿ, ಎಲ್ಲಿ ಏನು, ಯಜಮಾನರು ಒಬ್ಬರೇ ಮರುದಿನ ಹೋಗಿ ಮುಗಿಸಿ ಬಂದರು. ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಕಿಟಕಿ ಬರುವತನಕ ಮೈಕಕ್ಕ ಗಿರಾಕಿಗಳಿಗೆ ಒಬ್ಬೊಬ್ಬರಿಗೂ ಕೂಗಿ ಹೇಳಿದಳು, ಇನ್ನು ಮೇಲೆ ಬುಟ್ಟಿ ಇಳಿಯಲ್ಲ, ಬೇರೆ ಕಡೆ ನೋಡ್ಕೊಳ್ಳಿ ಅಂತ. ಪೇಪರ್ ಅಂಗಡಿಯವನು ಅಂತೂ ಮುಖ ಊದಿಸಿಕೊಂಡ. ಅವಳ ಬುಟ್ಟಿಗೆ ಕಾಯುವವರೇ ಅವನ ಪೇಪರು ಕೊಳ್ಳುತ್ತಿದ್ದದ್ದು.

ಕಿಟಕಿ ಬಂದ ದಿನ ಮನೆ ರಣರಂಗ. ಕೂರಿಸುವ ಮೇಸ್ತ್ರಿ ತನ್ನವರ ಜೊತೆ ಬಂದು ಹಳೆ ಚೌಕಟ್ಟು ಕಿತ್ತ. ಅದರೊಂದಿಗೆ ಅರ್ಧ ಗೋಡೆಯೂ ಬಂತು. ಮುಂದಿನ ಬಾಗಿಲು ಕೀಳುವಾಗ ಕರೆಗಂಟೆಯ ತಂತಿ ಕಿತ್ತು ಜೋತಾಡಿತು. ನಾಳೆ ಬಂದು ಜೋಡಿಸ್ತೀನಿ ಅಂದ. ಮೈಕಕ್ಕ ಮಿಷನ್ನಿಗೆ ಹಳೆ ಬೆಡ್‌ಶೀಟು ಹೊದಿಸಿ, ಅಡುಗೆಮನೆಯಲ್ಲಿ ಕೂತುಬಿಟ್ಟಳು. ಬೀದಿ ಕಡೆ ನೋಡುವ ಮನಸ್ಸಾಗಲಿಲ್ಲ. ಬಡಿತವೆಲ್ಲ ನಿಂತ ಮೇಲೆ ಮೇಸ್ತ್ರಿಯೇ ಕರೆದ.

“ಅಮ್ಮಾ, ಬನ್ನಿ, ನಿಮ್ಮದನ್ನ ನೋಡ್ಕೊಳ್ಳಿ.”

ಹೋಗಿ ನೋಡಿದಳು. ಹಾಲಿನಲ್ಲಿ ದೊಡ್ಡ ಗಾಜು, ತೆರೆಯದ್ದು, ಬಿಳಿ ಚೌಕಟ್ಟು. ಆದರೆ ಅದರ ಪಕ್ಕದಲ್ಲಿ, ಸರಿಯಾಗಿ ಹೊಲಿಗೆ ಮಿಷನ್ನಿನ ಮಗ್ಗುಲಿಗೆ, ಅವಳು ಕೂತರೆ ಮೊಣಕೈ ಬರುವ ಎತ್ತರಕ್ಕೆ, ಬೇರೆಯದೇ ಒಂದು ಪುಟ್ಟ ಕಿಟಕಿ. ಅದೂ ಜೋಡಿ ಗಾಜಿನದ್ದೇ, ಅದಕ್ಕೊಂದು ಹಿಡಿ. ತಿರುಗಿಸಿದರೆ ಟಿಕೆಟ್ ಕೌಂಟರಿನ ಹಾಗೆ ತೆರೆಯುತ್ತದೆ. ಬುಟ್ಟಿ ನಿರಾಳವಾಗಿ ಹೋಗುವಷ್ಟು ಅಗಲ. ಹಗ್ಗ ಉಜ್ಜದ ಹಾಗೆ ಕೆಳಗಿನ ಅಂಚಿಗೆ ಒಂದು ಸ್ಟೀಲಿನ ಉರುಳೆಯನ್ನೂ ಕೂರಿಸಿದ್ದರು.

“ಇದ್ಯಾರು ಹೇಳಿದ್ದು?”

“ಯಜಮಾನ್ರೇ. ನಮ್ಮ ಅಂಗಡಿಯವರು ಬೇಡ ಅಂದ್ರು, ಇದರಿಂದ ಸದ್ದು ಬಂದೇ ಬರುತ್ತೆ ಅಂತ. ಬರ್ಲಿ ಅಂದ್ರು.” ಮೇಸ್ತ್ರಿ ಸುತ್ತಿಗೆ ಚೀಲಕ್ಕೆ ಹಾಕುತ್ತ ನಕ್ಕ. “ಅವತ್ತು ನಾನೂ ಅಲ್ಲೇ ಇದ್ನಲ್ಲಮ್ಮ, ಲಾರಿಗೆ ಚೌಕಟ್ಟು ತುಂಬ್ತಾ. ಎಲ್ಲಾ ಕೇಳಿಸ್ತು.”

“ಏನು ಕೇಳಿಸ್ತು?”

“ನೀವು ಅಂದಿದ್ದು. ಯಜಮಾನ್ರು ಹಿಡೀನ ಕೆಳಗೆ ತಿರುಗಿಸೋ ಬದಲು ಮೇಲಕ್ಕೆ ತಿರುಗಿಸಿಬಿಟ್ಟಿದ್ರು. ಕಿಟಕಿ ತಲೆ ವಾಲ್ಕೊಂಡಿತ್ತು. ನಮ್ಮ ಟೈಯವರು ಮುಚ್ಚೋಕೆ ಓಡಿದ್ರು. ಯಜಮಾನ್ರು ಅವರ ಕೈ ಹಿಡ್ಕೊಂಡು, ಬಾಯ ಮೇಲೆ ಬೆರಳಿಟ್ಟು ‘ಶ್ಶ್’ ಅಂದ್ರು. ಆಮೇಲೆ ನೀವು ಮುಗಿಸೋ ತನಕ ಯಾರೂ ಅಲ್ಲಾಡ್ಲಿಲ್ಲ.”

ಮೇಸ್ತ್ರಿ ಮಾಮೂಲಿ ವಿಷಯ ಹೇಳಿದವನಂತೆ ಚೀಲ ಹೆಗಲಿಗೇರಿಸಿ, ತನ್ನವರನ್ನು ಕರೆದುಕೊಂಡು ಹೊರಟುಹೋದ. ಮೈಕಕ್ಕನಿಗೆ ಮೊದಲು ನಾಚಿಕೆಯಾಯಿತು. ಟೈ, ಮೇಸ್ತ್ರಿ, ಗುರುತಿಲ್ಲದ ಆ ಜೋಡಿ, ಎಲ್ಲರ ಎದುರಿಗೆ ಹೆರಿಗೆಯಿಂದ ಹಿಡಿದು ಎಲ್ಲ ಬಿಚ್ಚಿಟ್ಟದ್ದಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಸಿಟ್ಟಿನ ಹಿಂದೆ ಇನ್ನೇನೋ ಬರುತ್ತಿತ್ತು, ಅದನ್ನು ಆಮೇಲೆ ನೋಡಿಕೊಳ್ಳೋಣ ಅಂತ ಸಿಟ್ಟನ್ನೇ ಹಿಡಿದುಕೊಂಡು ರೂಮಿಗೆ ನುಗ್ಗಿದಳು. ಯಜಮಾನರು ಅಲ್ಲಿ ಧೂಳು ಕೂತ ಪುಸ್ತಕ ಒರೆಸುತ್ತಿದ್ದರು.

“ಏನೂ ಕೇಳಿಸಲಿಲ್ಲ ಅಂದ್ರಿ!”

ಯಜಮಾನರು ಪುಸ್ತಕ ಕೆಳಗಿಟ್ಟರು. “ಅರ್ಧ ಕೇಳಿಸ್ತು.”

“ಯಾವ ಅರ್ಧ?”

ಅವರು ಸ್ವಲ್ಪ ಯೋಚಿಸಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಪ್ರಾಣಿ. “ಎರಡೂ ಅರ್ಧ,” ಅಂದರು.

“ಕಳ್ಳರು ರೀ ನೀವು! ಹೆಂಡ್ತಿ ಮಾತನ್ನ ಕದ್ದು ಕೇಳೋರು! ಊರವರ ಮುಂದೆ ನನ್ನ ಮಾನ ಹರಾಜು ಹಾಕಿ, ಮೇಲೆ ಮಳ್ಳನ ಹಾಗೆ...”

“ಶ್ಶ್,” ಅಂದುಬಿಟ್ಟರು. ಬೇಕಂತಲೇ ಅಂದದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ಅಂದದ್ದೇ ತಾವೇ ಬೆಚ್ಚಿಬಿದ್ದು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಬ್ರೆಡ್ಡು ತರ್ತೀನಿ ಅಂತ ಗೊಣಗಿ, ಬಾಲ ಮುದುರಿದ ಬೆಕ್ಕಿನ ಹಾಗೆ ಹೊರಟರು. ಮನೆಯಲ್ಲಿ ಬ್ರೆಡ್ಡು ಇತ್ತು.

ಹೊಸ ಬಾಗಿಲು ಅವರ ಹಿಂದೆ ತಾನೇ ಮುಚ್ಚಿಕೊಂಡು ಕ್ಳಿಕ್ ಅಂತ ಬೀಗ ಹಾಕಿಕೊಂಡಿತು.

ಮೈಕಕ್ಕ ಬೆಡ್‌ಶೀಟು ತೆಗೆದು ಮಿಷನ್ನಿಗೆ ಕೂತಳು. ಪುಟ್ಟ ಕಿಟಕಿ ಮುಚ್ಚಿತ್ತು. ಮನೆಯಲ್ಲಿ ಎಂಥ ಸದ್ದಿಲ್ಲ ಅಂದರೆ, ಸೂಜಿ ಬಟ್ಟೆಯೊಳಗೆ ಇಳಿಯುವುದು ಕೇಳುತ್ತಿತ್ತು, ತನ್ನ ಮಂಡಿ ಲಟಕ್ಕೆಂದದ್ದೂ ಕೇಳಿತು. ಒಂದು ಪ್ಯಾಂಟಿನ ಕಾಲು ಮಡಚಿ ಹೊಲಿದಳು, ಇನ್ನೊಂದನ್ನೂ ಹೊಲಿದಳು. ಇವರು ಇನ್ನೂ ಯಾಕೆ ಬರಲಿಲ್ಲ ಅಂದುಕೊಂಡು ಗಾಜಿನಾಚೆ ಕೆಳಗೆ ನೋಡಿದಳು.

ಬಸ್ ಸ್ಟಾಪಿನಲ್ಲಿ ಜನ ಗುಂಪುಕಟ್ಟಿದ್ದರು. ಬಸ್ಸೊಂದು ಬಾಗಿಲು ತೆರೆದು ನಿಂತಿತ್ತು, ಯಾರೂ ಹತ್ತುತ್ತಿರಲಿಲ್ಲ. ಗುಂಪಿನ ನಡುವೆ, ಪೇಪರ್ ಅಂಗಡಿಯ ಮುಂದೆ, ಗಿರಾಕಿಗಳು ನಿಲ್ಲುವ ಜಾಗದಲ್ಲಿ ಯಜಮಾನರು ನಿಂತು ಕತ್ತೆತ್ತಿ ಇತ್ತಲೇ ನೋಡುತ್ತಿದ್ದರು. ಕಂಕುಳಲ್ಲಿ ಬ್ರೆಡ್ಡು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ತೊಟ್ಟಿಯಲ್ಲಿನ ಮೀನಿನ ಹಾಗೆ. ಪೇಪರ್ ಅಂಗಡಿಯವನು ಪಕ್ಕದಲ್ಲಿ ನಿಂತು, ಕೈ ಮೇಲೆತ್ತಿ ಎತ್ತಿ, ಇನ್ನೂ ಮೇಲೆ, ಇನ್ನೂ ಮೇಲೆ ಅಂತ ಪಾಠ ಹೇಳಿಕೊಡುತ್ತಿದ್ದ.

ಮೈಕಕ್ಕನಿಗೆ ಈಗ ಅರ್ಥವಾಯಿತು. ಕೀ ಬಿಟ್ಟು ಹೋಗಿದ್ದಾರೆ. ಬಾಗಿಲು ತಟ್ಟಿದ್ದಾರೆ, ರಬ್ಬರ್ ಪಟ್ಟಿಯ ದಯೆಯಿಂದ ಒಳಗೆ ಕೇಳಿಲ್ಲ. ಕರೆಗಂಟೆ ಜೋತಾಡುತ್ತಿದೆ. ಫೋನು ಟೇಬಲ್ಲಿನ ಮೇಲೇ ಬಿದ್ದಿದೆ, ಎಂದಿನಂತೆ ಸೈಲೆಂಟಿನಲ್ಲಿ. ಹಣ ಕೊಟ್ಟು ತಂದ ನಿಶ್ಶಬ್ದ ಅವರನ್ನೇ ಮನೆಯಿಂದ ಹೊರಗೆ ಹಾಕಿದೆ. ಒಂದು ಗಳಿಗೆ ಅವಳಿಗೆ ಎಂಥ ಖುಷಿಯಾಯಿತೆಂದರೆ, ಬೇಯಲಿ ಇನ್ನಷ್ಟು ಹೊತ್ತು ಅಂತ ಸೂಜಿಗೆ ದಾರ ಪೋಣಿಸಿಕೊಂಡಳು. ಆಮೇಲೆ ಮನಸ್ಸು ತಡೆಯಲಿಲ್ಲ. ಅಷ್ಟು ಜನರ ಮುಂದೆ ಅವರು ಅದೇನಂತ ಕೂಗುತ್ತಿರಬಹುದು? ‘ಏ’ ಅಂತಲೋ, ‘ನೋಡು’ ಅಂತಲೋ? ಹಿಡಿ ತಿರುಗಿಸಿ, ಪುಟ್ಟ ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಳು.

ಬೀದಿಯ ಸದ್ದೆಲ್ಲ ಒಟ್ಟಿಗೆ ಒಳಗೆ ಬಂತು. ಅದರ ಮೇಲೆ ತೇಲಿಕೊಂಡು, ಬಳಸದೆ ತುಕ್ಕು ಹಿಡಿದ ಗಂಟಲಿನಿಂದ, ನಡುವೆ ಒಡೆದು, ಮತ್ತೆ ಕೂಡಿಕೊಂಡು, ಅವಳ ಹೆಸರು ಬಂತು. ಪೂರ್ತಿ ಹೆಸರು. ಅಪ್ಪ ಇಟ್ಟದ್ದು. ಕೊನೆಯ ಅಕ್ಷರವನ್ನು ಅಪ್ಪ ಎಳೆಯುತ್ತಿದ್ದ ಹಾಗೆಯೇ ಉದ್ದಕ್ಕೆ ಎಳೆದು.

“ಅದ್ಯಾರು ಸಾರ್ ಅದು?” ಅಂತ ಕೆಳಗೆ ಪೇಪರ್ ಅಂಗಡಿಯವನು ಕೇಳುತ್ತಿದ್ದ.

“ನನ್ನ ಹೆಂಡ್ತಿ.”

“ಅಕ್ಕಂಗೆ ಹೆಸರಿದೆಯಾ!”

ಮೈಕಕ್ಕ ತಟ್ಟನೆ ಕಿಟಕಿ ಮುಚ್ಚಿದಳು. ಸಿಟ್ಟಿನ ಹಿಂದೆ ಬರುತ್ತಿದ್ದದ್ದು ಈಗ ಬಂದೇಬಿಟ್ಟಿತು, ಗಿರಾಕಿಯ ಪ್ಯಾಂಟಿನ ಕಾಲಿನಿಂದಲೇ ಕಣ್ಣು ಮೂಗು ಎಲ್ಲ ಒರೆಸಿಕೊಂಡಳು. ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಕೀಯನ್ನು ಬುಟ್ಟಿಯಲ್ಲಿ ಹಾಕಿದಳು, ಬುಟ್ಟಿಯನ್ನು ಕಾಲ ಹತ್ತಿರವೇ ಇಟ್ಟುಕೊಂಡಳು. ಆಮೇಲೆ ಕಿಟಕಿಯನ್ನು ಪೂರ್ತಿ ತೆರೆದು, ತಲೆ ಹೊರಗೆ ಹಾಕಿ, ಮುಂದಿನ ಸ್ಟಾಪಿಗೂ ಕೇಳುವ ಹಾಗೆ ಕೂಗಿದಳು.

“ಏನೂ ಕೇಳಿಸಲಿಲ್ಲ ರೀ! ಇನ್ನೊಂದ್ಸಲ ಕೂಗಿ!”

ಯಜಮಾನರು ಬ್ರೆಡ್ಡನ್ನು ಪೇಪರ್ ಅಂಗಡಿಯವನ ಕೈಗೆ ಕೊಟ್ಟು, ಎರಡೂ ಅಂಗೈಯನ್ನು ಬಾಯಿಯ ಸುತ್ತ ಹಿಡಿದು, ಎದೆತುಂಬ ಉಸಿರು ಎಳೆದುಕೊಂಡರು.